ಸಂಜೆ ನಾಲ್ಕರಿಂದ ಏಳರವರೆಗೆ

ಸಂಜೆ ನಾಲ್ಕಕ್ಕೆ ನಮ್ಮ ಹೈಸ್ಕೂಲಿನ ಕೊನೆಯ ಗಂಟೆ ಬಾರಿಸುತ್ತದೆ. ಐದು ನಿಮಿಷದಲ್ಲಿ ಅಂಗಳ ಬರಿದು. ಇಷ್ಟು ಮಕ್ಕಳೂ ಎಲ್ಲಿಗೆ ಹೋದರು ಎಂದು ಯಾರಾದರೂ ಕೇಳಿದ್ದರೆ, ‘ಮನೆಗೆ, ಇನ್ನೆಲ್ಲಿಗೆ?’ ಎಂದು ಬಹಳ ವರ್ಷ ನಾನು ಹೇಳುತ್ತಿದ್ದೆ. ಮನೆಯ ಬಾಗಿಲಿಗೆ ಬೀಗವಿರುತ್ತದೆಂಬುದು ನನಗೆ ತೋಚಿರಲಿಲ್ಲ.

ನಾನಿರುವುದು ಬೆಂಗಳೂರಿನ ರಾಜಗೋಪಾಲನಗರದಲ್ಲಿ. ಪಕ್ಕದಲ್ಲೇ ಪೀಣ್ಯ. 1970ರ ದಶಕದಿಂದೀಚೆಗೆ ಅಲ್ಲಿ ಕೈಗಾರಿಕೆ ಬೆಳೆದಂತೆಲ್ಲ ಇತ್ತ ಲಗ್ಗೆರೆ, ಹೆಗ್ಗನಹಳ್ಳಿ, ಸುಂಕದಕಟ್ಟೆಗಳಲ್ಲಿ ವಠಾರಗಳು ಬೆಳೆದವು. ತುಮಕೂರಿನ ಕಡೆಯವರು, ಉತ್ತರ ಕರ್ನಾಟಕದವರು, ಹೊರ ರಾಜ್ಯದವರು ಒಂದೇ ಗೋಡೆಯ ಆಚೆಗೊಬ್ಬರು ಈಚೆಗೊಬ್ಬರು ಬಾಳುತ್ತಾರೆ. ತಂದೆ ಲೇತ್ ಯಂತ್ರದ ಮುಂದೆ ಎರಡನೆಯ ಪಾಳಿ, ತಾಯಿ ಗಾರ್ಮೆಂಟ್ಸಿನಲ್ಲಿ. ಆಕೆ ಮನೆ ಮುಟ್ಟುವಾಗ ಏಳು ಗಂಟೆ. ಹದಿನಾಲ್ಕು ವರ್ಷದ ಹುಡುಗನಿಗೆ ದಿನಕ್ಕೆ ಮೂರು ಗಂಟೆಯ ಕಾಲ ಹೀಗೆ ಒಡೆಯರಿಲ್ಲದೆ ಉಳಿಯುತ್ತದೆ. ಹಳ್ಳಿಯಲ್ಲಾಗಿದ್ದರೆ ಆ ಹೊತ್ತಿನಲ್ಲಿ ಅಜ್ಜಿಯೋ ಚಿಕ್ಕಪ್ಪನೋ ‘ಲೇ, ಎಲ್ಲಿಗೆ ಹೊರಟೆ?’ ಎಂದಾದರೂ ಕೇಳುತ್ತಿದ್ದರು. ಇಲ್ಲಿ ಆ ಪ್ರಶ್ನೆಯನ್ನು ಕೇಳುವವರಿಲ್ಲ.

ಹುಡುಗರು ಅಮಲಿನ ದಾರಿ ಹಿಡಿಯುವುದು ಏತರಿಂದ ಎಂದು ಕೇಳಿದರೆ ಸಹವಾಸ ದೋಷವೆನ್ನುವವರುಂಟು, ಸಿನಿಮಾ ಎನ್ನುವವರುಂಟು, ಮೊಬೈಲ್ ಎನ್ನುವವರುಂಟು. ಎಲ್ಲದರಲ್ಲಿಯೂ ಸ್ವಲ್ಪ ಸ್ವಲ್ಪ ನಿಜವಿದ್ದೀತು. ನಾನು ಕಂಡಂತೆ ಮೊದಲ ಕಾರಣ ಆ ಮೂರು ಗಂಟೆ.

ಕನ್ನಡ ಪಂಡಿತನಾದುದರಿಂದ ಒಂದು ಶಬ್ದದ ವಿಚಾರವನ್ನು ಇಲ್ಲಿ ಹೇಳದೆ ಇರಲಾರೆ. ‘ವ್ಯಸನ’ ಎಂದರೆ ಬಿಡಲಾಗದ ಚಟ. ಜೂಜು, ಮದ್ಯ ಮೊದಲಾದವನ್ನು ನಮ್ಮ ಹಿರಿಯರು ಸಪ್ತವ್ಯಸನಗಳಲ್ಲಿ ಎಣಿಸಿದರು. ಆದರೆ ನಮ್ಮ ಮನೆಗಳಲ್ಲಿ ‘ವ್ಯಸನಪಡಬೇಡಿ’ ಎಂದರೆ ದುಃಖಪಡಬೇಡಿ ಎಂದರ್ಥ. ಎರಡಕ್ಕೂ ಒಂದೇ ಮಾತು. ತರಗತಿಯಲ್ಲಿ ಇಪ್ಪತ್ತು ವರ್ಷ ಈ ಶಬ್ದಕ್ಕೆ ಎರಡು ಅರ್ಥ ಬರೆಸಿದ ನಾನು, ಆ ಎರಡೂ ಒಬ್ಬನೇ ಹುಡುಗನಲ್ಲಿ ಕುಳಿತಿರಬಹುದೆಂದು ತಿಳಿಯುವಾಗ ತಡವಾಗಿತ್ತು. ಆ ಪ್ರಸಂಗವನ್ನು ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ಆಗ ನಾನು ಬೇರೊಂದು ಶಾಲೆಯಲ್ಲಿದ್ದೆ. ಒಂಬತ್ತನೆಯ ತರಗತಿಯ ಒಬ್ಬ ಹುಡುಗ ಕೊನೆಯ ಬೆಂಚಿನಲ್ಲಿ ತೂಕಡಿಸುತ್ತಿದ್ದ. ಅವನ ಕರವಸ್ತ್ರ ಗಮ್ಮೆಂದು ಪಂಕ್ಚರ್ ಅಂಗಡಿಯ ಹಾಗೆ ನಾರುತ್ತಿತ್ತು. ಸೈಕಲ್ ಟ್ಯೂಬಿಗೆ ಹಚ್ಚುವ ಸಲ್ಯೂಷನ್ ಅದು. ಗಾಂಜಾಕ್ಕೆ, ಮದ್ಯಕ್ಕೆ ಹಣ ಬೇಕು. ಇದಕ್ಕೆ ಚಿಲ್ಲರೆ ಸಾಕು. ಬಣ್ಣಕ್ಕೆ ಬೆರೆಸುವ ತಿನ್ನರ್, ಅಕ್ಷರ ಅಳಿಸುವ ವೈಟ್ನರ್, ಎಲ್ಲವೂ ಇದೇ ಜಾತಿ. ಇವುಗಳ ಆವಿ ನೇರವಾಗಿ ಮಿದುಳಿಗೆ ಹೋಗುತ್ತದೆ. ಎದೆಬಡಿತ ತಪ್ಪಿ ಮೊದಲ ಸಲವೇ ಪ್ರಾಣ ಹೋದದ್ದೂ ಉಂಟು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯವರ ಸಮೀಕ್ಷೆಯೊಂದು 2019ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಅಮಲು ವಸ್ತುಗಳಲ್ಲೆಲ್ಲ ದೊಡ್ಡವರಿಗಿಂತ ಮಕ್ಕಳಲ್ಲೇ ಬಳಕೆಯ ಪ್ರಮಾಣ ಹೆಚ್ಚಾಗಿರುವುದು ಹೀಗೆ ಮೂಸುವ ಪದಾರ್ಥಗಳದು ಮಾತ್ರ.

ಉಪಾಧ್ಯಾಯರ ಸಭೆ ಸೇರಿತು. ಬುಟ್ಟಿಯಲ್ಲಿ ಒಂದು ಹಣ್ಣು ಕೊಳೆತರೆ ಉಳಿದವೂ ಕೆಡುತ್ತವೆ ಎಂದು ಯಾರೋ ಹೇಳಿದರು. ನಾನೂ ತಲೆಯಾಡಿಸಿದೆ. ವರ್ಗಾವಣೆ ಪತ್ರದ ಜೊತೆಯ ಕಾಗದವನ್ನು, ಅಕ್ಷರ ದುಂಡಗಿದೆಯೆಂದು, ನನ್ನಿಂದಲೇ ಬರೆಸಿದರು. ಹುಡುಗನ ತಾಯಿ ಅರ್ಧ ದಿನದ ಸಂಬಳ ಕಳೆದುಕೊಂಡು ಬಂದಿದ್ದರು. ಅಳಲಿಲ್ಲ, ಬೇಡಿಕೊಳ್ಳಲಿಲ್ಲ. ‘ಸಾರ್, ಶಾಲೆಯಲ್ಲಿದ್ದಷ್ಟು ಹೊತ್ತಾದರೂ ನನಗೆ ಧೈರ್ಯವಿತ್ತು. ಇನ್ನು ಇವನನ್ನು ಎಲ್ಲಿ ಬಿಟ್ಟು ಕೆಲಸಕ್ಕೆ ಹೋಗಲಿ?’ ಎಂದು ಕೇಳಿದರು. ಉತ್ತರ ನಮ್ಮಲ್ಲಿ ಯಾರ ಹತ್ತಿರವೂ ಇರಲಿಲ್ಲ. ಅವನಿಗಿದ್ದ ಕೇಡು ಮೂರು ಗಂಟೆಯದು; ನಾವು ಅದನ್ನು ಹತ್ತು ಗಂಟೆಯದನ್ನಾಗಿ ಮಾಡಿ ಕಳಿಸಿದೆವು. ಮುಂದೆ ಅವನನ್ನು ಎರಡು ಸಲ ರಸ್ತೆಯಲ್ಲಿ ಕಂಡೆ. ಮೂರನೆಯ ಸಲ ಹುಡುಕಿಕೊಂಡೇ ಹೋದೆ. ಆ ಕುಟುಂಬ ವಠಾರ ಖಾಲಿ ಮಾಡಿತ್ತು.

ಕಾನೂನು ಮಾಡಬೇಕಾದುದು ಬಹಳವಿದೆ, ಮಾಡಿಯೂ ಇದೆ. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಮರುವರ್ಷವೇ ಬೆಂಗಳೂರು, ಕೋಲಾರದ ಕಡೆ ಕಳ್ಳಭಟ್ಟಿ ಮತ್ತೆ ಜನರನ್ನು ಬಲಿ ತೆಗೆದುಕೊಂಡಿತು. ಮಕ್ಕಳ ಕೈಗೆ ಮದ್ಯವನ್ನೋ ಮಾದಕ ವಸ್ತುವನ್ನೋ ತಂಬಾಕನ್ನೋ ಕೊಟ್ಟವರಿಗೆ ಏಳು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಎಂದು 2015ರ ಬಾಲನ್ಯಾಯ ಕಾಯಿದೆ ಹೇಳುತ್ತದೆ. ನಮ್ಮ ಮೂಲೆಯ ಅಂಗಡಿಯವರಿಗೆ ಇದು ಗೊತ್ತಿರಲಿಲ್ಲ. ಒಬ್ಬರೇ ಹೋಗಿ ಹೇಳಿದಾಗ ಜಗಳವಾಯಿತು. ಎಂಟು ಹತ್ತು ಮಂದಿ ಒಟ್ಟಿಗೆ ಹೋದಾಗ ಕುರ್ಚಿ ಹಾಕಿಸಿ ಮಾತನಾಡಿದರು.

ಬೀದಿಯ ಜನ ಸೇರಿದರೆ ಏನಾದೀತು ಎಂಬುದಕ್ಕೆ ನಮ್ಮ ನಾಡಿನಲ್ಲೇ ನಿದರ್ಶನವಿದೆ. ಶ್ರೀ ಕ್ಷೇತ್ರ ಧರ್ಮಸ್ಥಳದವರು 1982ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗ್ರಾಮಾಭಿವೃದ್ಧಿ ಯೋಜನೆ ಆರಂಭಿಸಿದರು. ಸಾಲ, ಬೇಸಾಯ ಎಲ್ಲ ಸರಿಹೋದರೂ ದುಡಿದದ್ದು ಕುಡಿತಕ್ಕೆ ಹೋಗುತ್ತಿದೆಯೆಂದು ಕಂಡು, ಜನಜಾಗೃತಿ ವೇದಿಕೆಯ ಮೂಲಕ ಮದ್ಯವರ್ಜನ ಶಿಬಿರಗಳನ್ನು ನಡೆಸತೊಡಗಿದರು. ಶಿಬಿರ ನಡೆಯುವುದು ದೂರದ ಆಸ್ಪತ್ರೆಯಲ್ಲಲ್ಲ; ಊರಿನದೇ ಸಭಾಭವನದಲ್ಲಿ, ಸುಮಾರು ಎಂಟು ದಿನ. ಊರವರೇ ಸಮಿತಿ ಮಾಡಿಕೊಂಡು ಹೊಣೆ ಹೊರುತ್ತಾರೆ. ಹೆಂಡತಿ ಮಕ್ಕಳನ್ನೂ ಕರೆಸಿ ಮಾತನಾಡಿಸುತ್ತಾರೆ. ನನಗೆ ಹೆಚ್ಚು ಹಿಡಿಸಿದ್ದು ಆ ಎಂಟು ದಿನಗಳಿಗಿಂತ ಅವುಗಳ ಮುಂದಿನದು. ಬಿಟ್ಟವರೆಲ್ಲ ಸೇರಿ ‘ನವಜೀವನ ಸಮಿತಿ’ ಎಂದು ಆಗಾಗ ಕೂಡುತ್ತಾರೆ. ಮತ್ತೆ ಎಡವಿದವನನ್ನು ಕರೆತರಲು ಎಡವಿ ಎದ್ದವನೇ ಹೋಗುತ್ತಾನೆ. ಉಪಾಧ್ಯಾಯನ ಮಾತಿಗಿಂತ ಆ ಮಾತು ನಾಟುತ್ತದೆ.

ಇದು ದೊಡ್ಡವರ ಸಂಗತಿಯಾಯಿತು. ಮಕ್ಕಳ ವಿಚಾರದಲ್ಲಿ ಐಸ್‌ಲೆಂಡಿನ ಉದಾಹರಣೆ ನೋಡಿ. ನಮ್ಮ ಒಂದು ತಾಲ್ಲೂಕಿನಷ್ಟು ಜನಸಂಖ್ಯೆಯ ದ್ವೀಪದೇಶ, ನಮ್ಮ ತೊಡಕುಗಳೆಲ್ಲ ಅವರಿಗಿಲ್ಲ, ಒಪ್ಪಿದೆ. ಅಲ್ಲಿ 1998ರಲ್ಲಿ ಹದಿನೈದು ಹದಿನಾರು ವಯಸ್ಸಿನವರಲ್ಲಿ ನೂರಕ್ಕೆ 42 ಮಂದಿ ಹಿಂದಿನ ಒಂದು ತಿಂಗಳಲ್ಲಿ ಕುಡಿದು ಮತ್ತರಾಗಿದ್ದವರು. 2016ರಲ್ಲಿ ಆ ಸಂಖ್ಯೆ 5. ಅವರು ಬರಿಯ ಭಾಷಣ ಮಾಡಲಿಲ್ಲ. ಶಾಲೆ ಬಿಟ್ಟ ಮೇಲಿನ ಹೊತ್ತಿಗೆ ಆಟ, ಸಂಗೀತ, ನೃತ್ಯಗಳ ಏರ್ಪಾಟು ಮಾಡಿ, ಅದರ ಖರ್ಚಿಗೆ ಊರಾಡಳಿತದಿಂದ ನೆರವು ಕೊಡಿಸಿದರು. ರಾತ್ರಿ ಇಷ್ಟು ಹೊತ್ತಿನ ಮೇಲೆ ಮಕ್ಕಳು ಹೊರಗಿರಬಾರದೆಂದು ಗೊತ್ತುಮಾಡಿದರು. ತಂದೆತಾಯಿಗಳು ಗುಂಪಾಗಿ ಸಂಜೆಯ ಹೊತ್ತು ಬೀದಿ ತಿರುಗಿದರು. ಗದರಿಸಲು ಅಲ್ಲ, ಸುಮ್ಮನೆ ಕಣ್ಣಿಗೆ ಬೀಳುವುದಕ್ಕೆ.

ಮನೆಯಲ್ಲಿ ಆಗಲೇ ಈ ಕಷ್ಟ ಬಂದಿರುವವರೂ ಇದನ್ನು ಓದುತ್ತಿರಬಹುದು. ಅವರಿಗೆ ಎರಡು ಮಾತು. ದಿನವೂ ವಿಪರೀತ ಕುಡಿಯುವವನು ಫಕ್ಕನೆ ಬಿಟ್ಟರೆ ಕೈಕಾಲು ಅದುರುವುದು, ಫಿಟ್ಸ್, ಸನ್ನಿ ಬರಬಹುದು. ಬಿಡಿಸುವುದಕ್ಕೂ ವೈದ್ಯರು ಬೇಕು. ಕೂಡಿಹಾಕುವುದು, ಹೊಡೆಯುವುದು ಚಿಕಿತ್ಸೆಯಲ್ಲ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. 14446 ವ್ಯಸನಮುಕ್ತಿಯ ಸಹಾಯವಾಣಿ; 14416 ಟೆಲಿ ಮಾನಸ್, 2022ರಲ್ಲಿ ಆರಂಭವಾದದ್ದು. ಎರಡಕ್ಕೂ ಹಣವಿಲ್ಲ. ‘ಆಸ್ಪತ್ರೆಗೆ ಹೋದರೆ ಪೊಲೀಸಿನವರು ಬರುತ್ತಾರೆ’ ಎಂದು ಹೆದರುವವರೇ ಹೆಚ್ಚು. ಅಲ್ಪ ಪ್ರಮಾಣದ ಅಪರಾಧದಲ್ಲಿ ಸಿಕ್ಕಿದ ವ್ಯಸನಿ ತಾನಾಗಿ ಮಾನ್ಯ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ಬಿಡುಗಡೆಯುಂಟೆಂದು 1985ರ ಮಾದಕ ವಸ್ತು ಕಾಯಿದೆಯ 64ಎ ಕಲಮು ಹೇಳುತ್ತದೆ. ಚಿಕಿತ್ಸೆಯನ್ನು ನಡುವೆ ಬಿಟ್ಟವನಿಗೆ ಆ ರಿಯಾಯಿತಿ ತಪ್ಪಬಹುದು. ಮೇಲೆ ಹೇಳಿದ ಸಮೀಕ್ಷೆಯ ಇನ್ನೊಂದು ಲೆಕ್ಕವನ್ನೂ ಕೇಳಿ: ಮದ್ಯಕ್ಕೆ ದಾಸರಾದ 38 ಜನರಲ್ಲಿ ಯಾವುದೋ ಒಂದು ಚಿಕಿತ್ಸೆ ದೊರೆತವನು ಒಬ್ಬ. ಉಳಿದವರನ್ನು ಮನೆಯಲ್ಲೇ ಇರಿಸಿದ್ದರಲ್ಲಿ ನೆರೆಹೊರೆಯ ನಾಲಗೆಗೂ ಪಾಲಿದೆ. ಪಕ್ಕದ ಮನೆಯ ಹುಡುಗನ ಸುದ್ದಿ ನಲ್ಲಿಯ ಹತ್ತಿರ ಹರಡಿದರೆ ಆ ತಾಯಿ ಮರುದಿನದಿಂದ ಬಾಗಿಲು ಹಾಕಿಕೊಳ್ಳುತ್ತಾಳೆ.

ನಮ್ಮ ಬೀದಿಯಲ್ಲಿ ಈಗ ನಡೆಯುತ್ತಿರುವುದು ಬಹಳ ಸಣ್ಣ ಕೆಲಸ. ಕಾರ್ಖಾನೆಯಿಂದ ನಿವೃತ್ತರಾದ ಒಬ್ಬ ಟರ್ನರ್ ತಮ್ಮ ಮನೆಯ ಜಗಲಿಯನ್ನು ನಾಲ್ಕರಿಂದ ಏಳರವರೆಗೆ ತೆರೆದಿಡುತ್ತಾರೆ. ಒಂದು ಕೇರಮ್ ಬೋರ್ಡು, ಒಂದು ಉದ್ದ ಮೇಜು. ಮೊದಲ ಪಾಳಿ ಮುಗಿಸಿ ಬರುವ ಇಬ್ಬರು ಹೆಣ್ಣುಮಕ್ಕಳು ಸರದಿಯ ಮೇಲೆ ಇರುತ್ತಾರೆ. ನಾನು ವಾರಕ್ಕೆರಡು ದಿನ ಹೋಗಿ ಕೂಡುತ್ತೇನೆ. ವ್ಯಾಕರಣ ಹೇಳಕೂಡದೆಂದು ಕರಾರು ಮಾಡಿದ್ದಾರೆ. ಮೊದಲ ತಿಂಗಳು ಆರು ಹುಡುಗರು ಬಂದರು, ಎರಡನೆಯ ತಿಂಗಳು ಮೂವರಿಗಿಳಿಯಿತು. ಈಗ ಹದಿನೈದರ ಹತ್ತಿರವಿದ್ದಾರೆ. ಯಾರಾದರೂ ಎರಡು ದಿನ ಕಾಣದಿದ್ದರೆ ಟರ್ನರ್ ಸಾಹೇಬರು ಕೋಲೂರಿಕೊಂಡು ಹುಡುಗನ ಮನೆಗೇ ಹೋಗಿ, ‘ಏನಪ್ಪ, ಎಲ್ಲಿ ಹೋಗಿದ್ದೆ?’ ಎಂದು ಕೇಳಿ ಬರುತ್ತಾರೆ. ಭಾನುವಾರ ಮಾತ್ರ ಅವರು ಮಗಳ ಊರಿಗೆ ಹೋಗುವುದರಿಂದ ಜಗಲಿ ಮುಚ್ಚಿರುತ್ತದೆ. ಆ ದಿನದ ಹೊಣೆಗೆ ಇನ್ನೂ ಯಾರೂ ಒಪ್ಪಿಕೊಂಡಿಲ್ಲ.