ಮೊದಲು ಕೇಳಿದ ಪ್ರಭು (ಪಾಸ್ಕ ಹಬ್ಬದ ಪ್ರಬೋಧನೆ)



ಬಿಸಿಲು ಏರುವ ಈ ದಿನಗಳಲ್ಲಿಯೇ ನಮ್ಮ ಮಕ್ಕಳ ಪರೀಕ್ಷೆಯ ಫಲಿತಾಂಶಗಳೂ ಬರುತ್ತವೆ. ಆದ್ದರಿಂದ ಪಾಸ್ಕದ ಸಂಜೆ ಓದುವ ಎಮ್ಮಾವುಸ್ ದಾರಿಯ ಶುಭಸಂದೇಶವನ್ನು ಇಂದು ನಮ್ಮ ಮನೆಗಳಿಗೆ ಅನ್ವಯಿಸಿ ಧ್ಯಾನಿಸೋಣ.

ಇಬ್ಬರು ಶಿಷ್ಯರು ಜೆರುಸಲೇಮ್ ಬಿಟ್ಟು ಹೊರಟಿದ್ದಾರೆ. ಸುಮಾರು 11 ಕಿಲೋಮೀಟರ್ ದಾರಿ. ನಂಬಿದ್ದೆಲ್ಲವೂ ಶಿಲುಬೆಯ ಮೇಲೆ ಮುಗಿದುಹೋಯಿತೆಂಬ ದುಃಖ ಅವರದು. ಯೇಸುಸ್ವಾಮಿ ಅವರೊಡನೆ ಹೆಜ್ಜೆ ಹಾಕುತ್ತಾರೆ. ನಡೆದದ್ದು ಅವರಿಗೆ ಗೊತ್ತಿಲ್ಲವೇ? ಅದನ್ನು ಅನುಭವಿಸಿದವರೇ ಅವರು! ಆದರೂ ಏನಾಯಿತೆಂದು ವಿಚಾರಿಸುತ್ತಾರೆ. ಕ್ಲೆಯೋಫನು ಸಿಡುಕಿದರೂ ಬೇಸರಿಸುವುದಿಲ್ಲ. ಅವರ ನಿರಾಶೆ, ಸಂಶಯ ಎಲ್ಲವೂ ಹೊರಬರುವ ತನಕ ಕಿವಿಗೊಡುತ್ತಾರೆ. ಆಮೇಲೆ ಮಾತನಾಡುತ್ತಾರೆ.

ನಾವು ಹೇಗಿದ್ದೇವೆ? ಕಲಬುರಗಿಯ ಕಾಲೇಜಿನಲ್ಲಿ ಓದುವ ಹುಡುಗನೊಬ್ಬ ಹುಮನಾಬಾದ್ ರಸ್ತೆಯ ಬಸ್ಸು ಹತ್ತಿ ಕಮಲಾಪುರದ ಮನೆಗೆ ಬರುತ್ತಿದ್ದಾನೆ ಎಂದುಕೊಳ್ಳೋಣ. ಪಿಯುಸಿಯಲ್ಲಿ ಎರಡು ವಿಷಯ ಹೋಗಿವೆ. ಹೊಸ್ತಿಲು ದಾಟುವ ಮೊದಲೇ ನಾವು ಶುರುಮಾಡುತ್ತೇವೆ: ಮೊಬೈಲ್ ನೋಡಿದ್ದೇ ಕಾರಣ, ಪಕ್ಕದ ಮನೆಯವನನ್ನು ನೋಡು, ನಾಲ್ಕು ಜನರಿಗೆ ಹೇಗೆ ಮುಖ ತೋರಿಸುವುದು. "ಯಾಕಪ್ಪಾ, ಮಾರಿ ಸಣ್ಣ ಮಾಡ್ಕೊಂಡಿ? ಕುಂದ್ರು, ಏನಾಗ್ಯದ ಹೇಳು" ಎನ್ನುವವರು ಎಷ್ಟು ಮಂದಿ? ಗುರುಗಳಾದ ನಾವೂ ಮನೆಭೇಟಿಗೆ ಹೋದಾಗ ಕೇಳಿದ್ದಕ್ಕಿಂತ ಉಪದೇಶಿಸಿದ್ದೇ ಹೆಚ್ಚು. ಈ ತಪ್ಪನ್ನು ಒಪ್ಪಿಕೊಳ್ಳೋಣ.

ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ (1902-1987) ತಮ್ಮ ಬಳಿ ಬಂದವರನ್ನು 'ರೋಗಿ' ಎನ್ನದೆ 'ಕ್ಲೈಂಟ್' ಎಂದರು. ತೋಟದಲ್ಲಿ ಬೆಳೆದು, ಕೃಷಿ ಓದಿ, ಎರಡು ವರ್ಷ ದೈವಶಾಸ್ತ್ರದ ಶಾಲೆಯಲ್ಲಿದ್ದು, ಅನಂತರ ಮನಶ್ಶಾಸ್ತ್ರಕ್ಕೆ ಬಂದವರು ಅವರು. ಬೆಳೆಯುವ ಶಕ್ತಿ ಮನುಷ್ಯನೊಳಗೇ ಇದೆ, ಅದಕ್ಕೆ ತಕ್ಕ ವಾತಾವರಣ ಬೇಕು ಎಂಬುದು ಅವರ ನಂಬಿಕೆ. ಸಹಾಯ ಮಾಡುವವರಲ್ಲಿ ಮೂರು ಗುಣಗಳಿರಬೇಕೆಂದರು: ನಟನೆಯಿಲ್ಲದ ಪ್ರಾಮಾಣಿಕತೆ, ಷರತ್ತಿಲ್ಲದ ಗೌರವ, ಎದುರಿನವರ ನೋವನ್ನು ಅವರ ಕಣ್ಣಿನಿಂದಲೇ ನೋಡುವ ಸಹಾನುಭೂತಿ. ಕಮಲಾಪುರದ ಕೆಂಪು ಬಾಳೆ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಿಡವನ್ನು ಹಿಡಿದೆಳೆದು ಯಾರೂ ಗೊನೆ ತೆಗೆಯಲಾರರು. ನೀರು, ಗೊಬ್ಬರ ಕೊಟ್ಟು ಕಾಯಬೇಕು.

ಹಾಗಾದರೆ ಮಕ್ಕಳು ಮಾಡಿದ್ದೆಲ್ಲ ಸರಿ ಎನ್ನಬೇಕೇ? ಇಲ್ಲ. ಯೇಸುಸ್ವಾಮಿ ಆ ಶಿಷ್ಯರ ಮಂದಬುದ್ಧಿಯನ್ನು ತಿದ್ದಿದರು. ಆದರೆ ತಿದ್ದಿದ್ದು ಕೇಳಿದ ಮೇಲೆ. ವ್ಯಕ್ತಿಯನ್ನು ಒಪ್ಪಿಕೊಳ್ಳುವುದು ಬೇರೆ, ತಪ್ಪನ್ನು ಒಪ್ಪಿಕೊಳ್ಳುವುದು ಬೇರೆ. ರೋಜರ್ಸ್ ಮನುಷ್ಯನೊಳಗಿನ ಶಕ್ತಿ ಎಂದದ್ದನ್ನು ವಿಶ್ವಾಸಿಗಳಾದ ನಾವು ದೇವರ ಕೊಡುಗೆಯೆಂದು ಕಾಣುತ್ತೇವೆ. ಅವರ ಸ್ವರೂಪದಲ್ಲಿ ಸೃಷ್ಟಿಯಾದ ಮಗನ ಬೆಲೆ ಅಂಕಪಟ್ಟಿಯಿಂದ ಕುಗ್ಗುವುದಿಲ್ಲ.

ಮುಂದಿನದನ್ನು ಗಮನಿಸಿ. ಊರು ಹತ್ತಿರವಾದಾಗ ಸ್ವಾಮಿ ಮುಂದಕ್ಕೆ ಹೋಗುವವರಂತೆ ಕಾಣಿಸಿಕೊಂಡರು. ಬಲವಂತವಾಗಿ ಮನೆಯೊಳಗೆ ನುಗ್ಗಲಿಲ್ಲ; ಅವರೇ ಕರೆದರು. ರೊಟ್ಟಿ ಮುರಿದಾಗ ಕಣ್ಣು ತೆರೆಯಿತು. ದಾರಿಯುದ್ದಕ್ಕೂ ತಮ್ಮ ಹೃದಯದಲ್ಲಿ ಏನು ನಡೆದಿತ್ತೆಂಬುದು ಅವರಿಗೇ ಅರಿವಾಯಿತು. ಜೆರುಸಲೇಮಿಗೆ ಹಿಂದಿರುಗಿರಿ ಎಂದು ಸ್ವಾಮಿ ಆಜ್ಞಾಪಿಸಲಿಲ್ಲ. ಆದರೂ ಆ ರಾತ್ರಿಯೇ ಎದ್ದು ಹೊರಟರು. ತಾನೇ ಕಂಡುಕೊಂಡ ದಾರಿಯಲ್ಲಿ ಮನುಷ್ಯ ಕತ್ತಲಲ್ಲೂ ನಡೆಯುತ್ತಾನೆ.

ಕೇಳುವುದಕ್ಕೆ ದೊಡ್ಡ ಪದವಿ ಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೋವೈದ್ಯರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಸಾಮಾನ್ಯ ಜನರಿಗೂ ಆಪ್ತಸಮಾಲೋಚನೆಯ ತರಬೇತಿ ನೀಡಿದರು. ಆದರೆ ಮಗು ಊಟ, ನಿದ್ರೆ ಬಿಟ್ಟರೆ, ಸಾಯುವ ಮಾತಾಡಿದರೆ, ನಮ್ಮ ಕಿವಿಯೊಂದೇ ಸಾಲದು. ಒಂಟಿಯಾಗಿ ಬಿಡದೆ ವೈದ್ಯರ ಬಳಿ ಕರೆದೊಯ್ಯಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತಾಡುತ್ತಾರೆ. ಇದು ಅವಿಶ್ವಾಸವಲ್ಲ, ನಾಚಿಕೆಯ ಸಂಗತಿಯೂ ಅಲ್ಲ.

ಪ್ರಿಯರೇ, ಇಂದು ಹಬ್ಬದ ಊಟಕ್ಕೆ ಕುಳಿತಾಗ ಮನೆಯಲ್ಲಿ ಮೌನವಾಗಿರುವವರು ಯಾರೆಂದು ನೋಡೋಣ. ಅವರ ಪಕ್ಕದಲ್ಲಿ ಕುಳಿತು ಒಂದೇ ಪ್ರಶ್ನೆ ಕೇಳೋಣ. ಉತ್ತರ ಮುಗಿಯುವವರೆಗೆ ಬಾಯಿ ತೆರೆಯದಿರೋಣ. ದಾರಿಯಲ್ಲಿ ಜೊತೆಗೂಡಿದ ಪುನರುತ್ಥಾನಿ ಪ್ರಭು ನಮಗೆ ಕೇಳುವ ಹೃದಯವನ್ನು ದಯಪಾಲಿಸಲಿ. ಆಮೆನ್.