ಕಾಸರಕ, ಪಾಷಾಣ, ಕೈವಿಷ

ಬಂಟ್ವಾಳದಿಂದ ಮೂಡಬಿದಿರೆಗೆ ಹೋಗುವಾಗ ಗುಡ್ಡದ ಬದಿಯಲ್ಲಿ ಕಾಸರಕದ ಮರಗಳನ್ನು ತಾವು ಕಂಡಿರಬಹುದು. ಅದರ ಬೀಜದಲ್ಲಿರುವ ಸ್ಟ್ರಿಕ್ನಿನ್ ಎಂಬ ವಿಷವೇ ಅಗಾಥಾ ಕ್ರಿಸ್ಟಿಯ ಮೊದಲ ಕಾದಂಬರಿಯಲ್ಲಿ (1920) ಶ್ರೀಮಂತ ವೃದ್ಧೆಯೊಬ್ಬಳ ಪ್ರಾಣ ತೆಗೆಯುತ್ತದೆ. ನಿರಪರಾಧಿಯೊಬ್ಬ ಕಟಕಟೆ ಹತ್ತುತ್ತಾನೆ. ಮೊದಲ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯ ಔಷಧಾಲಯದಲ್ಲಿ ದುಡಿದಿದ್ದ ಲೇಖಕಿಗೆ ವಿಷಗಳ ಪರಿಚಯ ಚೆನ್ನಾಗಿಯೇ ಇತ್ತು.

ನನ್ನನ್ನು ಕಾಡಿದ್ದು ವಿಷವಲ್ಲ, ಅಪವಾದ. ಡೊರೊತಿ ಸೇಯರ್ಸ್ 1930ರಲ್ಲಿ ಬರೆದ ‘ಸ್ಟ್ರಾಂಗ್ ಪಾಯಿಸನ್’ ಕಾದಂಬರಿಯ ಹ್ಯಾರಿಯೆಟ್ ವೇನ್ ಸ್ವತಃ ಪತ್ತೇದಾರಿ ಲೇಖಕಿ. ಬರೆಯುವ ಕಥೆಗಾಗಿ ಪಾಷಾಣ ಕೊಂಡದ್ದೇ ಆಕೆಗೆ ಮುಳುವಾಗುತ್ತದೆ. ಜ್ಯೂರಿಯವರಲ್ಲಿ ಒಮ್ಮತ ಮೂಡದ ಕಾರಣ ಮರುವಿಚಾರಣೆ. ಅಷ್ಟರಲ್ಲಿ ಪತ್ತೇದಾರ ಸತ್ಯವನ್ನು ಹೊರಗೆಡಹುತ್ತಾನೆ.

ನಮ್ಮ ಸೀಮೆಯ ‘ಕೈವಿಷ’ದ ಆರೋಪಕ್ಕೆ ಕಟಕಟೆಯಿಲ್ಲ, ಜ್ಯೂರಿಯಿಲ್ಲ, ಆದುದರಿಂದ ಬಿಡುಗಡೆಯೂ ಇಲ್ಲ. ನಾನು ಹುಡುಗನಾಗಿದ್ದಾಗ ಬೆಳ್ತಂಗಡಿಯ ಕಡೆ, ನೆಂಟರ ಊರಿನಲ್ಲಿ, ಒಬ್ಬ ವಿಧವೆಗೆ ಆ ಹೆಸರು ಅಂಟಿತ್ತು. ಮೂಡಬಿದಿರೆಯಲ್ಲಿ ಅಧ್ಯಾಪಕನಾಗಿದ್ದಾಗ ಸೇಯರ್ಸಳನ್ನು ಓದುತ್ತಿರಲು ಆಕೆಯ ನೆನಪಾಯಿತು. ಬಿಸಿಲಲ್ಲಿ ಬಂದಿದ್ದ ನನಗೆ ಆಕೆ ಮಜ್ಜಿಗೆ ತಂದಿತ್ತಳು. ಅತ್ತೆ ಮೊದಲೇ ಎಚ್ಚರಿಸಿದ್ದರು. ನಾನು ಲೋಟ ಮುಟ್ಟಲಿಲ್ಲ. ಆಕೆ ಒಂದು ಕ್ಷಣ ನನ್ನ ಮುಖ ನೋಡಿದಳು. ಬಳಿಕ ಅದನ್ನೆತ್ತಿ, ನನ್ನೆದುರಿಗೇ, ತಾನು ಕುಡಿದಳು.