ಪಿಕಪ್ ವಾಹನದಲ್ಲಿ ಸರಕು: ಜಾರದಂತೆ ಕಟ್ಟಿಸುವ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಿದ ಉಪನ್ಯಾಸ)



ಕೊಳವೆಬಾವಿಯ ಪಂಪು, ಪೈಪು, ಸಿಮೆಂಟು ಚೀಲಗಳನ್ನು ನಾವು ಪಿಕಪ್ ವಾಹನಗಳಲ್ಲಿ ಸಾಗಿಸುತ್ತೇವೆ. ತಗಡು ತರಚಿ ತುಕ್ಕು ಹಿಡಿಯದಿರಲೆಂದು ಕೆಲವು ವಾಹನಗಳ ತೊಟ್ಟಿಗೆ ಪ್ಲಾಸ್ಟಿಕ್ ಹಾಸು ಹಾಕಿರುತ್ತಾರೆ. ಆ ಹಾಸು ತಗಡನ್ನು ಕಾಯುತ್ತದೆ, ಸರಕನ್ನಲ್ಲ. ನುಣುಪಾದ ಪ್ಲಾಸ್ಟಿಕ್ಕಿನ ಮೇಲೆ, ಅದರಲ್ಲೂ ನೀರು ಬಿದ್ದಾಗ, ಘರ್ಷಣೆ ಕುಗ್ಗಿ ಸರಕು ಸುಲಭವಾಗಿ ಜಾರುತ್ತದೆ.

ಭಾರವಾದ ವಸ್ತು ಅಲುಗದೆಂಬ ನಂಬಿಕೆ ಅಪಾಯಕಾರಿ. ಭಾರ ಹೆಚ್ಚಿದಷ್ಟೂ ಬ್ರೇಕ್ ಹಾಕಿದಾಗ ಮುನ್ನುಗ್ಗುವ ಬಲವೂ ಹೆಚ್ಚುತ್ತದೆ. ಯುರೋಪಿನ ಮಾನದಂಡದಂತೆ, 500 ಕಿಲೋ ಸರಕು ಮುಂದಕ್ಕೆ ಸರಿಯದಿರಲು 400 ಕಿಲೋ ತೂಕಕ್ಕೆ ಸಮನಾದ ತಡೆ ಬೇಕು.

ಆದುದರಿಂದ ಸರಕಿನ ಅಡಿಯಲ್ಲಿ ರಬ್ಬರ್ ಹಾಸು ಹಾಕಿಸಿರಿ. ಭಾರವಾದುದನ್ನು ಕ್ಯಾಬಿನ್ ಬದಿಯ ತಡೆಗೆ ಒತ್ತಿ ಇಡಿಸಿರಿ. ಹಗ್ಗವನ್ನು ಪ್ಲಾಸ್ಟಿಕ್ ಅಂಚಿಗಲ್ಲ, ವಾಹನದ ಕಬ್ಬಿಣದ ಕೊಕ್ಕೆಗಳಿಗೆ ಬಿಗಿಸಿರಿ. ಸ್ವಲ್ಪ ದೂರ ಸಾಗಿದ ಮೇಲೆ ಬಿಗಿಯನ್ನು ಮತ್ತೊಮ್ಮೆ ಪರೀಕ್ಷಿಸುವುದು ಅಗತ್ಯ.

ಸರಕು ಹಿಡಿದುಕೊಳ್ಳಲೆಂದು ಕಾರ್ಮಿಕರನ್ನು ತೊಟ್ಟಿಯಲ್ಲಿ ಕೂರಿಸಲೇಬಾರದು. ಜಾರಿಬರುವ ಪಂಪನ್ನು ಕೈಗಳು ತಡೆಯಲಾರವು. ಈ ಅಂಶಗಳನ್ನು ವಾಹನ ಬಾಡಿಗೆಯ ಕರಾರಿನಲ್ಲಿ ಷರತ್ತುಗಳಾಗಿ ಸೇರಿಸಬೇಕೆಂದು ಕೋರುತ್ತೇನೆ.